ಸಪ್ಲೈಯರ್‌ಗಳು ಪರಿಸರದ ಹೊಣೆ ಹೊರುವಂತೆ ಮಾಡುವುದು ಹೇಗೆ? ಫಾರ್ಮ್ ಕಳಿಸಿದರೆ ಎಲ್ಲರೂ ‘ಹೌದು’ ಎಂದು ಬರೆದು ಕಳಿಸುತ್ತಾರೆ

ಬಿಡದಿ_ಪರ್ಚೇಸ್
ಎಲ್ಲರಿಗೂ ನಮಸ್ಕಾರ. ಪಂಪ್ ತಯಾರಿಸುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎರಕದ ಬಾಡಿ, ಶಾಫ್ಟ್, ಬೋಲ್ಟು, ರಬ್ಬರ್ ಸೀಲು, ಪ್ಯಾಕಿಂಗ್ ಡಬ್ಬ ಎಲ್ಲವೂ ನಮಗೆ ಹೊರಗಿನಿಂದ ಬರುತ್ತವೆ. ಕೊಡುವವರಲ್ಲಿ ಜಾಸ್ತಿ ಜನ ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಸಣ್ಣ ಘಟಕದವರು.

ಈ ವರ್ಷ ಮೇಲಿನವರು ನಮಗೊಂದು ಕೆಲಸ ಒಪ್ಪಿಸಿದ್ದಾರೆ. ಸಪ್ಲೈಯರ್‌ಗಳು ನೀರು, ವಿದ್ಯುತ್, ತ್ಯಾಜ್ಯದ ವಿಷಯದಲ್ಲಿ ಸುಧಾರಿಸಬೇಕು, ಅದನ್ನು ಪರ್ಚೇಸ್‌ನವರೇ ಮಾಡಿಸಬೇಕು ಅಂತ. ಎಂಟು ಪುಟದ ಪ್ರಶ್ನಾವಳಿ ಕಳಿಸಿದೆವು. ‘ತ್ಯಾಜ್ಯ ನೀರು ಶುದ್ಧ ಮಾಡುತ್ತೀರಾ? ಹೌದು.’ ‘ಪರಿಸರ ನೀತಿ ಇದೆಯಾ? ಹೌದು.’ ಎಲ್ಲ ಫಾರ್ಮ್‌ಗಳೂ ಹೀಗೇ ತಿರುಗಿ ಬಂದಿವೆ. ಕೆಲವದರಲ್ಲಿ ಅಕ್ಷರದ ತಪ್ಪುಗಳೂ ಒಂದೇ. ಯಾರೋ ಒಬ್ಬ ಕನ್ಸಲ್ಟೆಂಟೇ ಎಲ್ಲರಿಗೂ ತುಂಬಿಕೊಟ್ಟಿರಬೇಕು.

ನನಗೆ ಕಾಗದ ಬೇಡ. ಶೆಡ್ಡಿನೊಳಗೆ ಏನಾದರೂ ಬದಲಾಗಬೇಕು. ಹೆದರಿಸಿದರೆ ಆಗುತ್ತಾ, ದುಡ್ಡು ಕೊಟ್ಟರೆ ಆಗುತ್ತಾ? ಮಾಡಿ ನೋಡಿದವರು ಹೇಳಿ. ಸಪ್ಲೈಯರ್ ಕಡೆಯವರೂ ಮುಚ್ಚುಮರೆ ಇಲ್ಲದೆ ಬರೆಯಿರಿ.

ಆಡಿಟರ್_ಮೈಸೂರು
ಐಎಸ್‌ಒ 14001, ಅಂದರೆ ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್, ಕಡ್ಡಾಯ ಮಾಡಿ. ಮಾರ್ಚ್ ಒಳಗೆ ಸರ್ಟಿಫಿಕೇಟ್ ತರದವರಿಗೆ ಹೊಸ ಆರ್ಡರ್ ಇಲ್ಲ ಅನ್ನಿ. ತಾನಾಗಿ ಆಗುತ್ತದೆ.

ಟರ್ನಿಂಗ್_ಶಾಪ್
ಸರ್, ನಾಲ್ಕು ಸಿಎನ್‌ಸಿ ಮಶಿನ್ ಇಟ್ಟುಕೊಂಡು ಬಾಡಿಗೆ ಶೆಡ್ಡಿನಲ್ಲಿ ಕೆಲಸ ಮಾಡುವವನಿಗೆ 14001 ಯಾಕೆ? ಸರ್ಟಿಫಿಕೇಟ್ ಬರುತ್ತದೆ, ಗೋಡೆಗೆ ನೇತು ಹಾಕುತ್ತೇವೆ. ಲೋಹ ಕತ್ತರಿಸುವಾಗ ತಂಪಿಗೆ ಸುರಿಯುವ ಕೂಲಂಟ್ ಹಳೆಯದಾದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಅದಾದ ಮೇಲೂ ಯಾರೂ ಕೇಳುವುದಿಲ್ಲ.

ಆಡಿಟರ್_ಮೈಸೂರು
ಕೇಳುತ್ತೇವೆ. 2015ರ ಆವೃತ್ತಿಯಲ್ಲಿ ಕಚ್ಚಾವಸ್ತುವಿನಿಂದ ಹಿಡಿದು ಕೊನೆಯ ವಿಲೇವಾರಿವರೆಗೆ ಯೋಚಿಸಬೇಕು ಅಂತ ಸ್ಪಷ್ಟವಾಗಿ ಇದೆ. ಕೆಲವು ಆಡಿಟರ್‌ಗಳು ಸುಮ್ನೆ ಕಾಫಿ ಕುಡಿದು ಸಹಿ ಹಾಕುತ್ತಾರೆ ಅನ್ನುವುದು ಬೇರೆ ಮಾತು. ಅದಕ್ಕೆ ಸ್ಟ್ಯಾಂಡರ್ಡ್ ಅನ್ನು ಬೈಯಬೇಡಿ.

ಪೀಣ್ಯ_ಜಿಂಕ್
ಮೇಡಂ, ನಾನು ಪ್ಲೇಟಿಂಗ್‌ನವನು, ತುಕ್ಕು ಹಿಡಿಯದಂತೆ ಬೋಲ್ಟಿಗೆ ಸತುವಿನ (ಜಿಂಕ್) ಲೇಪ ಕೊಡುವ ಕೆಲಸ. ನಿಮ್ಮ ಪ್ರಶ್ನೆಗೆ ನನ್ನದೊಂದು ಮರುಪ್ರಶ್ನೆ. ನಿಮ್ಮ ಬೋಲ್ಟಿನ ಡ್ರಾಯಿಂಗ್ ತೆಗೆದು ನೋಡಿ. ಮೂಲೆಯಲ್ಲಿ ‘ಜಿಂಕ್ ಪ್ಲೇಟಿಂಗ್, ಯೆಲ್ಲೋ ಪ್ಯಾಸಿವೇಶನ್’ ಅಂತ ಇದೆಯಾ? ಇದ್ದರೆ ಅಲ್ಲಿಂದಲೇ ಶುರು ಮಾಡಬೇಕು.

ಪ್ಯಾಸಿವೇಶನ್ ಅಂದರೆ ಸತುವಿನ ಮೇಲೆ ಕೊಡುವ ರಕ್ಷಣೆಯ ಪದರ. ಅದಕ್ಕೆ ಹಳದಿ ಬಣ್ಣ ಮಾಮೂಲಾಗಿ ಬರುವುದೇ ಹೆಕ್ಸಾವೇಲೆಂಟ್ ಕ್ರೋಮಿಯಂನಿಂದ. ಕ್ಯಾನ್ಸರ್ ತರುವ ವಸ್ತು. ನೀರಿನಲ್ಲಿ ಸುಲಭವಾಗಿ ಕರಗಿ ನೆಲದೊಳಗೆ ಇಳಿಯುತ್ತದೆ. ಯುರೋಪಿನವರು ವಿದ್ಯುನ್ಮಾನ ಸಾಮಾನುಗಳಲ್ಲಿ 2006ರ ಜುಲೈಯಿಂದಲೇ, ವಾಹನಗಳ ಬಿಡಿಭಾಗಗಳಲ್ಲಿ 2007ರ ಜುಲೈಯಿಂದ ಇದನ್ನು ನಿಲ್ಲಿಸಿದರು. ಅವರಿಗೆ ಮಾಲು ಕೊಡುವ ಇಲ್ಲಿನ ಪ್ಲೇಟಿಂಗ್‌ನವರೂ ಅಷ್ಟು ಅಪಾಯವಿಲ್ಲದ ಟ್ರೈವೇಲೆಂಟ್ ಕ್ರೋಮಿಯಂಗೆ ಬದಲಾದರು. ಯಾರೂ ಭಾಷಣ ಮಾಡಲಿಲ್ಲ, ಪ್ರಶ್ನಾವಳಿಯನ್ನೂ ಕಳಿಸಲಿಲ್ಲ. ಡ್ರಾಯಿಂಗ್ ಬದಲಾಯಿತು, ವ್ಯಾಟ್ (ಕೆಮಿಕಲ್ ತೊಟ್ಟಿ) ಬದಲಾಯಿತು. ಅಷ್ಟೇ.

ಅದೇ ಶೆಡ್ಡಿನಲ್ಲಿ ಪಕ್ಕದ ಲೈನಿನಲ್ಲಿ ಇವತ್ತಿಗೂ ಹೆಕ್ಸಾವೇಲೆಂಟ್ ನಡೆಯುತ್ತದೆ. ಯಾಕೆಂದರೆ ಒಳನಾಡಿನ ಗಿರಾಕಿಯ ಡ್ರಾಯಿಂಗ್ ಬದಲಾಗಿಲ್ಲ. ನಾನಾಗಿ ಬದಲಾಯಿಸಿ ಕೊಟ್ಟರೆ ‘ಬಣ್ಣ ಸರಿ ಇಲ್ಲ’ ಅಂತ ಮಾಲು ರಿಜೆಕ್ಟ್ ಆಗುತ್ತದೆ.

ಕುತೂಹಲಿ
ಇದು ಗೊತ್ತೇ ಇರಲಿಲ್ಲ. ಬಣ್ಣಕ್ಕೋಸ್ಕರ ರಿಜೆಕ್ಟ್ ಮಾಡುತ್ತಾರಾ?

ಪೀಣ್ಯ_ಜಿಂಕ್
ಮಾಡುತ್ತಾರೆ ಸರ್. ಟ್ರೈವೇಲೆಂಟ್ ಸಾಮಾನ್ಯವಾಗಿ ತಿಳಿನೀಲಿ ಅಥವಾ ಕಾಮನಬಿಲ್ಲಿನ ಛಾಯೆ ಕೊಡುತ್ತದೆ. ಗಾಢ ಹಳದಿ ನೋಡಿ ಅಭ್ಯಾಸ ಆದ ಇನ್‌ಸ್ಪೆಕ್ಟರ್ ‘ಪ್ಯಾಸಿವೇಶನ್ನೇ ಆಗಿಲ್ಲ’ ಅನ್ನುತ್ತಾನೆ.

ಬಿಡದಿ_ಪರ್ಚೇಸ್
ಈಗಷ್ಟೇ ಸಿಸ್ಟಂನಲ್ಲಿ ನೋಡಿದೆ. ಹೌದು, ‘ಯೆಲ್ಲೋ’ ಅಂತಲೇ ಇದೆ. ಆದರೆ ಒಂದು ವಿಷಯ. ನಮ್ಮ ಸಪ್ಲೈಯರ್ ಪಟ್ಟಿಯಲ್ಲಿ ಪ್ಲೇಟಿಂಗ್‌ನವರು ಒಬ್ಬರೂ ಇಲ್ಲ. ನಮಗೆ ಬಿಲ್ ಮಾಡುವವರು ಬೋಲ್ಟ್ ಮಾಡುವವರು.

ಟರ್ನಿಂಗ್_ಶಾಪ್
ಅದೇ ವಿಷಯ ಮೇಡಂ. ನಾವು ಶಾಫ್ಟ್ ತಿರುಗಿಸಿ ಜಾಬ್ ವರ್ಕ್‌ಗೆ ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್, ಪೌಡರ್ ಕೋಟಿಂಗ್‌ಗೆ ಕಳಿಸುತ್ತೇವೆ. ನಿಮ್ಮ ಫಾರ್ಮ್ ನಮ್ಮ ಹತ್ತಿರ ನಿಲ್ಲುತ್ತದೆ. ಕೊಳಕು ಕೆಲಸ ಇರುವುದು ನಮ್ಮ ಆಚೆ. ಅವರ ಹೆಸರು ಹೇಳುವುದಕ್ಕೂ ನಮಗೆ ಭಯ. ನೀವು ನೇರವಾಗಿ ಅವರ ಹತ್ತಿರ ಹೋಗಿ ರೇಟ್ ಕೇಳಿಬಿಟ್ಟರೆ ನಮ್ಮ ಗತಿ?

ಹಸಿರು_ಲೆಕ್ಕ
ಇದಕ್ಕೆ ಒಳ್ಳೆಯ ಉದಾಹರಣೆ ಕ್ರೀಡಾ ಬೂಟು, ಬಟ್ಟೆಯ ಕಂಪನಿ ಪೂಮಾ. ಅವರು 2011ರಲ್ಲಿ ತಮ್ಮ ಪರಿಸರ ನಷ್ಟಕ್ಕೆ ಬೆಲೆ ಕಟ್ಟಿ ಲೆಕ್ಕ ಪ್ರಕಟಿಸಿದರು. 2010ರ ವರ್ಷಕ್ಕೆ 14.5 ಕೋಟಿ ಯೂರೋ. ಅದರಲ್ಲಿ ಅವರ ಸ್ವಂತ ಕಚೇರಿ, ಗೋದಾಮು, ಅಂಗಡಿಗಳ ಪಾಲು ಬರೀ 6%. ಉಳಿದ 94% ಸಪ್ಲೈಯರ್‌ಗಳ ಸಾಲಿನಲ್ಲಿ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಕಟ್ಟಕಡೆಯ ಹಂತದಲ್ಲಿ, ಅಂದರೆ ಹತ್ತಿ, ಚರ್ಮ, ರಬ್ಬರ್ ಬೆಳೆಯುವ ಜಾಗದಲ್ಲಿ. ಮೊದಲ ಹಂತದವರಿಗೆ ಮಾತ್ರ ಫಾರ್ಮ್ ಕಳಿಸಿದರೆ ಏನು ಸಿಗುತ್ತದೆ ಹೇಳಿ.

ಕೆರೆಕೋಡಿ
ನಮ್ಮ ಊರು ಬೈರಮಂಗಲದ ಹತ್ತಿರ. ವೃಷಭಾವತಿ ನಮ್ಮ ಕೆರೆಗೆ ಬರುತ್ತದೆ. ಬೆಂಗಳೂರಿನ ಚರಂಡಿ ನೀರೂ ಕಾರ್ಖಾನೆ ನೀರೂ ಸೇರಿ ನೊರೆ ಏಳುತ್ತದೆ. ಆ ನೀರಿನಲ್ಲಿ ಕಾಲಿಟ್ಟರೆ ತುರಿಕೆ. ಇಲ್ಲಿ ನೀವೆಲ್ಲ ಬಣ್ಣ, ಡ್ರಾಯಿಂಗ್ ಅಂತ ಮಾತಾಡುತ್ತಿದ್ದೀರಿ. ನಮಗೆ ಯಾವ ಕಂಪನಿಯ ಯಾವ ಹಂತ ಅನ್ನುವುದು ಬೇಕಿಲ್ಲ. ದೊಡ್ಡ ಕಂಪನಿಯ ಗೇಟಿನಲ್ಲಿ ಹುಲ್ಲುಹಾಸು, ಪ್ರಶಸ್ತಿಯ ಫಲಕ ಇರುತ್ತದೆ. ಅದರ ಬಿಡಿಭಾಗ ಮಾಡಿದ ಶೆಡ್ಡಿನ ನೀರು ನಮ್ಮ ಗದ್ದೆಗೆ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಬೀಗ ಹಾಕಬೇಕು. ಬೇರೆ ದಾರಿ ಇಲ್ಲ.

ಪೀಣ್ಯ_ಜಿಂಕ್
ಅಣ್ಣ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪೀಣ್ಯದ ಬೋರ್‌ವೆಲ್ ನೀರಿನಲ್ಲೂ ಕ್ರೋಮಿಯಂ ಸಿಕ್ಕಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ನಮ್ಮ ವ್ಯಾಟಿನಲ್ಲಿ ಇರುವುದು ಅದರ ಸಾವಿರಾರು ಪಟ್ಟು. ಒಂದು ಬಕೆಟ್ ಚೆಲ್ಲಿದರೂ ಎಷ್ಟು ನೀರು ಕೆಡುತ್ತದೆ ಲೆಕ್ಕ ಹಾಕಿ.

ಆದರೆ ಬೀಗದ ವಿಷಯ ಹೇಳುತ್ತೇನೆ. ಒಂದು ಶೆಡ್ಡಿಗೆ ಬೀಗ ಬಿದ್ದರೆ ಗಿರಾಕಿ ಮಾರನೇ ದಿನ ಇನ್ನೊಂದು ಶೆಡ್ಡಿಗೆ ಹೋಗುತ್ತಾನೆ, ಅದೇ ರೇಟಿಗೆ. ಕೆಲವೊಮ್ಮೆ ಬೋರ್ಡೇ ಇಲ್ಲದ ಕಡೆಗೆ. ನೀರು ಹರಿಯುವ ಜಾಗ ಬದಲಾಗುತ್ತದೆ, ನೀರು ಅದೇ.

ಆಡಿಟರ್_ಮೈಸೂರು
ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಮಾಲಿನ್ಯಪೀಡಿತ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ರಾಜ್ಯದಿಂದ ಭದ್ರಾವತಿ, ಮಂಗಳೂರು ಎರಡೇ ಅತಿ ಗಂಭೀರ ವರ್ಗದಲ್ಲಿದ್ದವು. ಪೀಣ್ಯ ಅದಕ್ಕಿಂತ ಒಂದು ಹಂತ ಕೆಳಗಿತ್ತು. 2018ರ ಪಟ್ಟಿಯಲ್ಲಿ ಪೀಣ್ಯವೂ ಮಾಲಿನ್ಯದಲ್ಲಿ 70 ಅಂಕ ದಾಟಿ ಅದೇ ವರ್ಗಕ್ಕೆ ಸೇರಿತು. ಆ ನಡುವಿನ ವರ್ಷಗಳಲ್ಲಿ ಎಷ್ಟು ಪ್ರಶ್ನಾವಳಿ ತುಂಬಿದ್ದೇವೋ!

ತಿರುಪ್ಪೂರ್_ಕನ್ನಡಿಗ
ಬೀಗ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ನಾವಿಲ್ಲಿ ತಿರುಪ್ಪೂರಿನ ಬಟ್ಟೆ ಉದ್ಯಮದಲ್ಲಿ ಕಂಡಿದ್ದೇವೆ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 700ಕ್ಕೂ ಹೆಚ್ಚು ಡೈಯಿಂಗ್, ಬ್ಲೀಚಿಂಗ್ ಘಟಕಗಳು ನಿಂತವು. ನೊಯ್ಯಲ್ ನದಿ, ಒರತ್ತುಪಾಳ್ಯಂ ಅಣೆಕಟ್ಟಿನ ನೀರು ಹಾಳಾಗಿ ರೈತರು ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದರು. ಅವರ ಹೋರಾಟ ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು.

ಆಮೇಲೆ ಒಂದು ಹನಿಯೂ ಹೊರಗೆ ಬಿಡದ ಪದ್ಧತಿ ಬಂತು. ನೀರು ಸೋಸುವ ಆರ್‌ಒ, ಆವಿ ಮಾಡುವ ಇವಾಪರೇಟರ್ ಎಲ್ಲ ಹಾಕಿದರು. ಆದರೆ ನೀರು ಆವಿ ಮಾಡಲು ಸೌದೆ, ಕಲ್ಲಿದ್ದಲು, ಕರೆಂಟು ಬೇಕು. ಉಳಿದ ಉಪ್ಪು ಎಲ್ಲಿ ಇಡುವುದು ಅನ್ನುವುದು ಇನ್ನೊಂದು ತಲೆನೋವು. ಖರ್ಚು ಏರಿತು. ಬಟ್ಟೆ ತೆಗೆದುಕೊಳ್ಳುವ ಬ್ರ್ಯಾಂಡ್‌ನವರು ಟೀ ಶರ್ಟ್‌ಗೆ ಜಾಸ್ತಿ ಕೊಡುತ್ತೇವೆ ಅನ್ನಲಿಲ್ಲ. ‘ಬಾಂಗ್ಲಾದಲ್ಲಿ ಇಷ್ಟಕ್ಕೆ ಸಿಗುತ್ತದೆ’ ಅಂದರು. ಬೆಂಗಳೂರಿನ ಗಾರ್ಮೆಂಟ್‌ನಲ್ಲಿ ಇದ್ದವರಿಗೆ ಈ ಮಾತು ಚೆನ್ನಾಗಿ ಗೊತ್ತಿರುತ್ತದೆ.

ಕೆರೆಕೋಡಿ
ಖರ್ಚು ಏರಿತು ಅಂತೀರಿ. ಅಲ್ಲಿವರೆಗೆ ಆ ಖರ್ಚನ್ನು ಕೊಡುತ್ತಿದ್ದವರು ಯಾರು? ರೈತರೇ ಅಲ್ವಾ?

ತಿರುಪ್ಪೂರ್_ಕನ್ನಡಿಗ
ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಉದ್ಯಮಬಾಗ್
ಬೆಳಗಾವಿಯಿಂದ ಬರೆಯುತ್ತಿದ್ದೇನೆ, ಫೌಂಡ್ರಿ ನಮ್ಮದು. ಪಂಪ್ ಬಾಡಿಗಳನ್ನೂ ಮಾಡುತ್ತೇವೆ. ಮೇಡಂ, ನಿಮ್ಮ ಕೈಯಲ್ಲೇ ಇರುವ, ಯಾರೂ ಹೇಳದ ಒಂದು ಸಂಗತಿ ಹೇಳುತ್ತೇನೆ ನೋಡ್ರಿ.

ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 550ರಿಂದ 650 ಯೂನಿಟ್ ಕರೆಂಟು ಬೇಕು. ಇದನ್ನು ಕಡಿಮೆ ಮಾಡಿ ಅಂತ ಎಲ್ಲರೂ ನಮಗೇ ಹೇಳುತ್ತಾರೆ. ಆದರೆ ಸೋಮವಾರ ಕೊಟ್ಟ ಶೆಡ್ಯೂಲ್ ಬುಧವಾರ ಬದಲಾಗುತ್ತದೆ. ‘ಅರ್ಜೆಂಟ್ ಇಪ್ಪತ್ತು ಪೀಸ್’ ಅಂತ ಫೋನ್ ಬರುತ್ತದೆ. ಆಗ ಫರ್ನೇಸ್ ಅರ್ಧ ತುಂಬಿ ಓಡಿಸಬೇಕು. ಗ್ರೇಡ್ ಬದಲಾಯಿಸಲು ಕರಗಿದ ಲೋಹವನ್ನು ಕಾಯಿಸಿಕೊಂಡು ಕೂರಬೇಕು. ಅಷ್ಟೂ ಕರೆಂಟು ದಂಡ. ತಿಂಗಳ ಶೆಡ್ಯೂಲ್ ಸ್ಥಿರವಾಗಿ ಕೊಡುವ ಗಿರಾಕಿಯ ಮಾಲಿಗೆ ಟನ್ನಿಗೆ ತಗಲುವ ಕರೆಂಟು ನಮ್ಮಲ್ಲಿ ಯಾವಾಗಲೂ ಕಡಿಮೆ.

ಇನ್ನೊಂದು, ಮಶಿನಿಂಗ್ ಅಲೋಯನ್ಸ್, ಅಂದರೆ ಆಮೇಲೆ ಮಶಿನ್‌ನಲ್ಲಿ ಕೆರೆದು ತೆಗೆಯಲೆಂದು ಬಿಡುವ ಹೆಚ್ಚುವರಿ ದಪ್ಪ. ಹಳೆ ಕಾಲದ ಮರದ ಪ್ಯಾಟರ್ನ್‌ಗೆ (ಅಚ್ಚು ಮಾಡುವ ಮಾದರಿಗೆ) ಇಟ್ಟ ದಪ್ಪವನ್ನೇ ಇವತ್ತಿಗೂ ಡ್ರಾಯಿಂಗ್‌ನಲ್ಲಿ ಇಟ್ಟಿರುತ್ತಾರೆ. ನಾವು ಕರಗಿಸಿ ಸುರಿಯುವುದು, ನೀವು ಅದನ್ನೇ ಚಿಪ್ಸ್ ಮಾಡಿ ತೆಗೆಯುವುದು. ನಿಮ್ಮ ಡಿಸೈನ್‌ನವರು ನಮ್ಮ ಪ್ಯಾಟರ್ನ್ ಶಾಪ್‌ನಲ್ಲಿ ಅರ್ಧ ದಿನ ಕೂತರೆ ಬಾಡಿಯ ತೂಕ ಇಳಿಸಬಹುದು. ಅವರು ಬರುವುದಿಲ್ಲ, ಫಾರ್ಮ್ ಬರುತ್ತದೆ.

ಟರ್ನಿಂಗ್_ಶಾಪ್
ಶೆಡ್ಯೂಲ್ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿದೆ. ಚಿಪ್ಸ್ ವಿಷಯಕ್ಕೂ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಬಿಡಿಭಾಗ ಕೊಳ್ಳುವ ಕಡೆ ಕೆಲಸ ಮಾಡುತ್ತೇನೆ. ನೀವು ರಫ್ತು ಮಾಡುವವರಾದರೆ ಸಿಬಿಎಎಂ ಬಗ್ಗೆ ಗೊತ್ತಿರಲಿ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಜಲಜನಕ, ವಿದ್ಯುತ್ ಇಷ್ಟಕ್ಕೆ ಯುರೋಪ್ ಹಾಕುವ ಇಂಗಾಲದ ಸುಂಕ. 2023ರ ಅಕ್ಟೋಬರ್‌ನಿಂದ ಲೆಕ್ಕ ಕೊಡುವುದು ಮಾತ್ರ ಇತ್ತು. 2026ರ ಜನವರಿಯಿಂದ ದುಡ್ಡಿನ ಹಂತ. ಕಬ್ಬಿಣ, ಉಕ್ಕಿನ ನಟ್ಟು ಬೋಲ್ಟುಗಳೂ ಇದರಲ್ಲಿ ಬರುತ್ತವೆ ಅನ್ನುವುದು ಬಹಳ ಜನರಿಗೆ ತಿಳಿದಿಲ್ಲ. ನಿಮ್ಮ ಲೆಕ್ಕ ಕೊಡದಿದ್ದರೆ ಅವರೇ ಒಂದು ಅಂಕಿ ಹಾಕಿಕೊಳ್ಳುತ್ತಾರೆ. ಅದು ನಿಮಗೆ ಅನುಕೂಲವಾಗಿ ಇರುವುದಿಲ್ಲ.

ಲೆಕ್ಕಪತ್ರ_ಸಿಎ
ನಮ್ಮ ದೇಶದ ನಿಯಮವೂ ಇದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಕೇಳುವ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಯ) ವರದಿ 2022-23ರಿಂದ ಅತಿದೊಡ್ಡ 1000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ. 2023ರಲ್ಲಿ ಅದಕ್ಕೆ ಸಪ್ಲೈಯರ್‌ಗಳ ಲೆಕ್ಕವನ್ನೂ ಸೇರಿಸಿದರು, ಮೊದಲ 250 ಕಂಪನಿಗಳಿಗೆ. ಆಮೇಲೆ ಸಡಿಲ ಮಾಡಿ ಮುಂದಕ್ಕೆ ಹಾಕಿ, 2025-26ಕ್ಕೆ ಸ್ವಇಚ್ಛೆಯದ್ದು ಅಂದರು. ಕಂಪನಿಯ ಖರೀದಿಯಲ್ಲಿ 2% ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಮಾತ್ರ ಇದರಲ್ಲಿ ಬರುತ್ತಾರೆ. ಪ್ಲೇಟಿಂಗ್ ಶೆಡ್ಡು ಆ 2%ರೊಳಗೆ ಎಂದೂ ಬರುವುದಿಲ್ಲ. ಹಾಗಾಗಿ ನಿಯಮ ನೋಡಿಕೊಂಡು ಕೂತರೆ ಮೇಡಂ ಕೇಳುತ್ತಿರುವ ಜಾಗಕ್ಕೆ ತಲುಪುವುದಿಲ್ಲ.

ನನ್ನ ಪ್ರಕಾರ ಮೊದಲ ಕೆಲಸ ಬೇರೆಯೇ ಇದೆ. ಪೇಮೆಂಟ್.

ಟರ್ನಿಂಗ್_ಶಾಪ್
ಅಬ್ಬಾ, ಕೊನೆಗೂ ಯಾರೋ ಹೇಳಿದರು.

ಲೆಕ್ಕಪತ್ರ_ಸಿಎ
ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯ್ದೆ 2006ರದ್ದು. ಒಪ್ಪಂದ ಇದ್ದರೂ ಪೇಮೆಂಟ್ 45 ದಿನ ದಾಟುವಂತಿಲ್ಲ. ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಕೇಳುವ ಧೈರ್ಯ ಯಾವ ಸಪ್ಲೈಯರ್‌ಗೂ ಇಲ್ಲ, ಅದು ಬೇರೆ. ಈಗ ಆದಾಯ ತೆರಿಗೆಯಲ್ಲೂ ನಿಯಮ ಬಂದ ಮೇಲೆ, ಸಣ್ಣ ಮತ್ತು ಅತಿಸಣ್ಣ ಘಟಕಕ್ಕೆ ಸಮಯಕ್ಕೆ ಕೊಡದಿದ್ದರೆ ಅದನ್ನು ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು.

ನಾಲ್ಕು ತಿಂಗಳು ದುಡ್ಡು ಬರದವನಿಗೆ ‘ಇಟಿಪಿ (ತ್ಯಾಜ್ಯ ನೀರಿನ ಶುದ್ಧೀಕರಣ ಘಟಕ) ಸುಧಾರಿಸಿ’ ಅಂತ ಯಾವ ಬಾಯಲ್ಲಿ ಹೇಳುವುದು? ಅವನ ವರ್ಕಿಂಗ್ ಕ್ಯಾಪಿಟಲ್ ಎಲ್ಲ ಗಿರಾಕಿಯ ಹತ್ತಿರವೇ ಇರುತ್ತದೆ.

ಆಡಿಟರ್_ಮೈಸೂರು
ಪೇಮೆಂಟ್ ಕೊಟ್ಟ ತಕ್ಷಣ ಇಟಿಪಿಗೆ ಹಾಕುತ್ತಾರೆ ಅನ್ನುವ ಗ್ಯಾರಂಟಿ ಏನು? ಇನ್ನೊಂದು ಮಶಿನ್ ತರುತ್ತಾರೆ. ಇದನ್ನು ನಾನು ನೋಡಿದ್ದೇನೆ.

ಲೆಕ್ಕಪತ್ರ_ಸಿಎ
ಗ್ಯಾರಂಟಿ ಇಲ್ಲ. ಅದಕ್ಕೇ ಎರಡನ್ನೂ ಕಟ್ಟಬೇಕು. ತ್ಯಾಜ್ಯದ ದಾಖಲೆ ಸರಿ ಇರುವವರಿಗೆ 15 ದಿನದಲ್ಲಿ ಪೇಮೆಂಟ್, ಉಳಿದವರಿಗೆ 45. ಸಣ್ಣವನಿಗೆ ಇದಕ್ಕಿಂತ ದೊಡ್ಡ ಉತ್ತೇಜನ ಇಲ್ಲ. ಜೊತೆಗೆ ಎರಡು ಮೂರು ವರ್ಷದ ಆರ್ಡರ್ ಭರವಸೆ ಕೊಟ್ಟರೆ ಬ್ಯಾಂಕಿನವರೂ ಸಾಲಕ್ಕೆ ಮುಖ ಕೊಡುತ್ತಾರೆ.

ನರಸಾಪುರ_ನೈಟ್‌ಶಿಫ್ಟ್
ಆಪಲ್‌ನವರು 2015ರಿಂದ ಸಪ್ಲೈಯರ್‌ಗಳಿಗೆ ಶುದ್ಧ ವಿದ್ಯುತ್ ಕಾರ್ಯಕ್ರಮ ನಡೆಸುತ್ತಿದ್ದಾರೆ. 2030ಕ್ಕೆ ತಮ್ಮ ಮಾಲಿಗೆ ಬಳಸುವ ಕರೆಂಟೆಲ್ಲ ನವೀಕರಿಸಬಹುದಾದ ಮೂಲದ್ದಾಗಿರಬೇಕು ಅಂತ ಗುರಿ. ನಮ್ಮ ಕೋಲಾರದ ಕಡೆ, ದೇವನಹಳ್ಳಿ ಕಡೆ ಫೋನ್ ತಯಾರಾಗುತ್ತದೆ. ದೊಡ್ಡವರು ಕೇಳಿದರೆ ಆಗುತ್ತದೆ.

ಟರ್ನಿಂಗ್_ಶಾಪ್
ದೊಡ್ಡವರು ದೊಡ್ಡವರನ್ನು ಕೇಳಿದರೆ ಆಗುತ್ತದೆ ಸರ್. ನಮ್ಮಂಥವರ ಕಥೆ ಬೇರೆ. ಹಸಿರು ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಕೊಳ್ಳುವ ಗ್ರೀನ್ ಓಪನ್ ಆಕ್ಸೆಸ್ ಮಿತಿಯನ್ನು 2022ರಲ್ಲಿ 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿದರು. ಒಳ್ಳೆಯದೇ. ನಮ್ಮ ಲೋಡ್ ಅದಕ್ಕೂ ಕಡಿಮೆ. ಸೋಲಾರ್ ಹಾಕೋಣ ಅಂದರೆ ಛಾವಣಿ ಮಾಲೀಕರದ್ದು. ಹನ್ನೊಂದು ತಿಂಗಳ ಬಾಡಿಗೆ ಕರಾರು ಇಟ್ಟುಕೊಂಡು ಹತ್ತಾರು ವರ್ಷ ಬಾಳುವ ಪ್ಯಾನೆಲ್ ಯಾರು ಹಾಕುತ್ತಾರೆ?

ಹಸಿರು_ಲೆಕ್ಕ
ಕರೆಂಟಿಗೆ ಖರ್ಚಿಲ್ಲದ ದಾರಿಯೂ ಇದೆ. ಕಂಪ್ರೆಸರ್ ಒತ್ತಡ 1 ಬಾರ್ ಇಳಿಸಿದರೆ ಅದರ ಕರೆಂಟು ಸುಮಾರು 6-7% ಉಳಿಯುತ್ತದೆ. ಭಾನುವಾರ ಮಶಿನ್‌ಗಳೆಲ್ಲ ನಿಂತಾಗ ಕಂಪ್ರೆಸರ್ ಒಂದನ್ನೇ ಹಾಕಿ ಸೋರಿಕೆ ಕೇಳಿಸಿಕೊಳ್ಳಿ. ಬಹಳ ಶೆಡ್ಡುಗಳಲ್ಲಿ ಬುಸ್ ಅನ್ನುತ್ತಿರುತ್ತದೆ.

ಕುತೂಹಲಿ
ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಝೆಡ್ ಸರ್ಟಿಫಿಕೇಟ್ ಬಗ್ಗೆ ಯಾರಿಗಾದರೂ ಗೊತ್ತಾ? ನಮ್ಮ ಮಾವನ ಪೌಡರ್ ಕೋಟಿಂಗ್ ಘಟಕಕ್ಕೆ ಮಾಡಿಸಬಹುದಾ?

ಆಡಿಟರ್_ಮೈಸೂರು
ಮಾಡಿಸಬಹುದು. ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಹಂತ. ಶುಲ್ಕ 10,000, 40,000, 90,000. ಅತಿಸಣ್ಣ ಘಟಕಕ್ಕೆ 80%, ಸಣ್ಣದಕ್ಕೆ 60%, ಮಧ್ಯಮಕ್ಕೆ 50% ಸಹಾಯಧನ. ಉದ್ಯಮ್ ನೋಂದಣಿ ಇರಬೇಕು. ಕಂಚಿನಿಂದ ಶುರು ಮಾಡಲಿ. 14001ಕ್ಕಿಂತ ಸಣ್ಣವರಿಗೆ ಇದು ಹೊಂದುತ್ತದೆ, ಈ ಮಾತನ್ನು ನಾನೂ ಒಪ್ಪುತ್ತೇನೆ.

ಬಿಡದಿ_ಪರ್ಚೇಸ್
ಎಲ್ಲರಿಗೂ ಧನ್ಯವಾದ. ಪೀಣ್ಯದವರಿಗೆ ಒಂದು ಪ್ರಶ್ನೆ. ನಾವು ದುಡ್ಡು ಹಾಕಲು ಒಪ್ಪಿದರೆ ಪ್ಲೇಟಿಂಗ್‌ನಲ್ಲಿ ಮೊದಲು ಯಾವುದಕ್ಕೆ ಹಾಕಬೇಕು? ದೊಡ್ಡ ಇಟಿಪಿಗಾ?

ಪೀಣ್ಯ_ಜಿಂಕ್
ಇಟಿಪಿ ಕೊನೆಗೆ. ಮೊದಲು ಕೊಳೆ ನೀರು ಹುಟ್ಟುವುದನ್ನೇ ಕಡಿಮೆ ಮಾಡಬೇಕು.

ಬೋಲ್ಟ್ ತುಂಬಿದ ಬ್ಯಾರಲ್ ಅನ್ನು ವ್ಯಾಟಿನಿಂದ ಎತ್ತಿದಾಗ ಅದಕ್ಕೆ ಅಂಟಿಕೊಂಡು ಕೆಮಿಕಲ್ ಬರುತ್ತದೆ. ನಾವು ಅದಕ್ಕೆ ಡ್ರ್ಯಾಗ್ ಔಟ್ ಅನ್ನುತ್ತೇವೆ. ಎತ್ತಿದ ತಕ್ಷಣ ಮುಂದಕ್ಕೆ ತಳ್ಳದೆ ವ್ಯಾಟಿನ ಮೇಲೆಯೇ ಅರ್ಧ ನಿಮಿಷ ತಿರುಗಿಸಿ ಸೋರಲು ಬಿಟ್ಟರೆ ಅದರಲ್ಲಿ ಸಾಕಷ್ಟು ವಾಪಸ್ ಬೀಳುತ್ತದೆ. ಆದರೆ ಪೀಸ್ ಲೆಕ್ಕದಲ್ಲಿ ಕೂಲಿ ಇದ್ದರೆ ಹುಡುಗರು ಆ ಅರ್ಧ ನಿಮಿಷ ಕಾಯುವುದಿಲ್ಲ. ಹಾಗಾಗಿ ಕೂಲಿ ಲೆಕ್ಕವನ್ನೂ ಬದಲಾಯಿಸಬೇಕು.

ಆಮೇಲೆ ತೊಳೆಯುವ ಟ್ಯಾಂಕು. ಅಂಟಿಕೊಂಡ ಕೆಮಿಕಲ್ ಸಾವಿರ ಪಟ್ಟು ತೆಳುವಾಗಬೇಕು ಅಂದರೆ, ಒಂದೇ ಟ್ಯಾಂಕಿನಲ್ಲಿ ಲೀಟರ್ ಡ್ರ್ಯಾಗ್ ಔಟ್‌ಗೆ ಸಾವಿರ ಲೀಟರ್ ನೀರು ಬೇಕು. ಎರಡು ಟ್ಯಾಂಕ್ ಇಟ್ಟು ನೀರನ್ನು ಎದುರು ದಿಕ್ಕಿನಲ್ಲಿ ಹರಿಸಿದರೆ ಸುಮಾರು 32 ಲೀಟರ್ ಸಾಕು. ಮೂರು ಇಟ್ಟರೆ 10. ಇದು ಬರೀ ಗಣಿತ, ಯಾವ ವಿದೇಶಿ ಯಂತ್ರವೂ ಬೇಡ. ಜಾಗ ಬೇಕು, ಎರಡು ಟ್ಯಾಂಕ್ ಬೇಕು. ಪೀಣ್ಯದ ಶೆಡ್ಡಿನಲ್ಲಿ ಜಾಗವೇ ಚಿನ್ನ, ತೊಂದರೆ ಇರುವುದು ಅಲ್ಲಿ.

ಇಷ್ಟಾದ ಮೇಲೆ ಇಟಿಪಿ ಸಣ್ಣದಾಗಿದ್ದರೂ ನಡೆಯುತ್ತದೆ. ಪಿಎಚ್ 2-3ಕ್ಕೆ ಇಳಿಸಿ ಮೆಟಾಬೈಸಲ್ಫೈಟ್ ಹಾಕಿದರೆ ಹಳದಿ ನೀರು ಹಸಿರಾಗುತ್ತದೆ. ಹೆಕ್ಸಾವೇಲೆಂಟ್ ಟ್ರೈವೇಲೆಂಟ್ ಆಯಿತು ಅಂತ ಅರ್ಥ. ಆಮೇಲೆ ಸುಣ್ಣ ಹಾಕಿ ಪಿಎಚ್ 8-9ಕ್ಕೆ ಏರಿಸಿದರೆ ಕೆಸರು ಕೆಳಗೆ ಕೂರುತ್ತದೆ.

ಕೆರೆಕೋಡಿ
ಆ ಕೆಸರು ಎಲ್ಲಿಗೆ ಹೋಗುತ್ತದೆ? ರಾತ್ರಿ ಟ್ರ್ಯಾಕ್ಟರಿನಲ್ಲಿ ನಮ್ಮ ಕಡೆಗಾ?

ಪೀಣ್ಯ_ಜಿಂಕ್
ಸರಿಯಾಗಿ ಮಾಡುವವರು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಲ್ಯಾಂಡ್‌ಫಿಲ್‌ಗೆ ಕಳಿಸುತ್ತಾರೆ. ಲಾರಿ ಜೊತೆ ಫಾರ್ಮ್ 10 ಹೋಗುತ್ತದೆ. ತೂಕ, ದಿನಾಂಕ, ವಾಹನದ ನಂಬರ್, ಎಲ್ಲ ಇರುತ್ತದೆ. ಮೇಡಂ, ನೀವು ಕೇಳಬೇಕಾದ ಕಾಗದ ಇದೊಂದೇ. ತಿಂಗಳಿಗೆ ಇಷ್ಟು ಟನ್ ಬೋಲ್ಟ್ ಪ್ಲೇಟಿಂಗ್ ಮಾಡಿದವನ ಹತ್ತಿರ ವರ್ಷಕ್ಕೆ ಒಂದೂ ಫಾರ್ಮ್ 10 ಇಲ್ಲ ಅಂದರೆ ಕೆಸರು ಎಲ್ಲೋ ಹೋಗಿದೆ. ‘ಹೌದು’ ‘ಇಲ್ಲ’ ಪ್ರಶ್ನೆ ಬಿಡಿ. ತೂಕ ಕೇಳಿ.

ಕೆರೆಕೋಡಿ
ಇದು ಸರಿಯಾದ ಮಾತು. ಆ ತೂಕವನ್ನು ಊರಿನವರಿಗೂ ತೋರಿಸುವಂತಾಗಬೇಕು.

ಉದ್ಯಮಬಾಗ್
ನಮ್ಮ ಕಡೆ ಎರಕದ ಅಚ್ಚಿನ ಮರಳಿಗೂ ಇದೇ ಪಾಡು. ಸುಟ್ಟ ಮರಳು ಎಲ್ಲಿ ಬಿತ್ತು ಅಂತ ಯಾವ ಗಿರಾಕಿಯೂ ಕೇಳಿಲ್ಲ. ಕೇಳಿದರೆ ನಾಲ್ಕು ಫೌಂಡ್ರಿ ಸೇರಿ ಮರಳು ಮರುಬಳಕೆಯ ರಿಕ್ಲಮೇಶನ್ ಪ್ಲಾಂಟ್ ಹಾಕುವ ಮಾತು ಬೇಗ ಮುಂದೆ ಹೋಗುತ್ತದೆ.

ಬಿಡದಿ_ಪರ್ಚೇಸ್
ಸರಿ, ನಾನು ಮಾಡಬೇಕೆಂದಿರುವುದು ಇಷ್ಟು. ಪ್ರಶ್ನಾವಳಿ ಬದಲು ಫಾರ್ಮ್ 10ರ ಪ್ರತಿ ಕೇಳುತ್ತೇನೆ. ಬೋಲ್ಟ್‌ನವರ ಮೂಲಕವೇ ಪ್ಲೇಟಿಂಗ್ ಶೆಡ್ಡಿಗೆ ಭೇಟಿ, ರೇಟ್ ಮಾತಾಡುವುದಿಲ್ಲ ಅಂತ ಲಿಖಿತವಾಗಿ ಕೊಡುತ್ತೇನೆ. 15 ದಿನದ ಪೇಮೆಂಟ್ ವಿಷಯ ಫೈನಾನ್ಸ್‌ನವರ ಮುಂದೆ ಇಡುತ್ತೇನೆ, ಅಲ್ಲಿ ಜಗಳ ಖಂಡಿತ. ಡ್ರಾಯಿಂಗ್ ಬದಲಾವಣೆಗೆ ಡಿಸೈನ್ ವಿಭಾಗ ಮೊದಲು ಏನು ಕೇಳಬಹುದು?

ಪೀಣ್ಯ_ಜಿಂಕ್
ಸಾಲ್ಟ್ ಸ್ಪ್ರೇ (ಉಪ್ಪುನೀರು ಸಿಂಪಡಿಸುವ ತುಕ್ಕು ಪರೀಕ್ಷೆ) ಎಷ್ಟು ಗಂಟೆ ತಡೆಯುತ್ತದೆ ಅಂತ ಕೇಳುತ್ತಾರೆ. ಹೆಕ್ಸಾವೇಲೆಂಟ್‌ಗೆ ಗೀರು ಬಿದ್ದರೆ ತಾನೇ ಮುಚ್ಚಿಕೊಳ್ಳುವ ಗುಣ ಇತ್ತು, ಟ್ರೈವೇಲೆಂಟ್‌ಗೆ ಅದು ಕಡಿಮೆ. ಹಾಗಾಗಿ ಮೇಲೊಂದು ಸೀಲರ್ ಕೋಟ್ ಹಾಕಿಸಿ. ಕೆಮಿಕಲ್ ಖರ್ಚು ಏರುತ್ತದೆ, ಕೆಜಿ ಲೆಕ್ಕದಲ್ಲಿ ರೇಟ್ ಪರಿಷ್ಕರಣೆಗೆ ಮೊದಲೇ ಒಪ್ಪಿಗೆ ತೆಗೆದುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಸೀಲರ್ ಹಾಕಿದರೆ ಚೂಡಿಯ (ಥ್ರೆಡ್‌ನ) ಜಾರುವಿಕೆ ಬದಲಾಗುತ್ತದೆ. ಹಳೆ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಸೆಟ್ಟಿಂಗಿನಲ್ಲೇ ಬಿಗಿದರೆ ಬೋಲ್ಟ್ ಜಾಸ್ತಿ ಎಳೆದುಕೊಳ್ಳಬಹುದು. ಒಂದು ಸಣ್ಣ ಲಾಟ್ ಟ್ರಯಲ್ ಕಳಿಸಿ, ನಿಮ್ಮ ಅಸೆಂಬ್ಲಿ ಲೈನಿನಲ್ಲೇ ಟಾರ್ಕ್ ಪರೀಕ್ಷೆ ಮಾಡಿಸಿ, ಆಮೇಲೆ ಡ್ರಾಯಿಂಗ್‌ಗೆ ಸಹಿ ಹಾಕಿಸಿ.